ವರ್ತಕರ ಮಾಹಿತಿ ಇಲಾಖೆಯಿಂದ ಇಲಾಖೆಗೆ: ಕಾನೂನಿನ ಅನುಮತಿ ಎಷ್ಟರವರೆಗೆ?

2025ರ ಜುಲೈ ತಿಂಗಳಿನಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆಯು ಯುಪಿಐ ಮೂಲಕ ಸಂದಾಯವಾದ ಹಣದ ವಿವರಗಳನ್ನು ಆಧರಿಸಿ, 2021-22ರಿಂದ 2024-25ರವರೆಗಿನ ವರ್ಷಗಳಿಗಾಗಿ ಸಾವಿರಾರು ಸಣ್ಣ ವರ್ತಕರಿಗೆ ನೋಟಿಸು ನೀಡಿದ ಸಂಗತಿ ಸದಸ್ಯರಿಗೆ ನೆನಪಿರಬಹುದು. ತೆರಿಗೆಯೇ ಇಲ್ಲದ ತರಕಾರಿ, ಹಾಲು ಮಾರುವವರಿಗೂ ನೋಟಿಸು ತಲುಪಿತು. ಬೆಂಗಳೂರಿನ ಹಲವು ಅಂಗಡಿಗಳಲ್ಲಿ ‘ನಗದು ಮಾತ್ರ’ ಎಂಬ ಚೀಟಿ ಕಾಣಿಸಿಕೊಂಡಿತು. ಜುಲೈ 23ರಂದು ವರ್ತಕ ಪ್ರತಿನಿಧಿಗಳೊಡನೆ ಸಭೆ ನಡೆಸಿದ ಮುಖ್ಯಮಂತ್ರಿಗಳು ಹಳೆಯ ಬಾಕಿಯನ್ನು ವಸೂಲಿ ಮಾಡುವುದಿಲ್ಲವೆಂದೂ, ನೋಂದಣಿಗೆ ಒಳಪಡುವವರು ನೋಂದಾಯಿಸಿಕೊಳ್ಳಬೇಕೆಂದೂ ತಿಳಿಸಿದರು. ಪ್ರಕರಣ ಅಲ್ಲಿಗೆ ತಣ್ಣಗಾಯಿತಾದರೂ, ಒಂದೆಡೆ ಕೊಟ್ಟ ಮಾಹಿತಿ ಮತ್ತೊಂದೆಡೆ ಹೇಗೆ ತಲುಪುತ್ತದೆ ಎಂಬ ಪ್ರಶ್ನೆ ಉಳಿದುಕೊಂಡಿದೆ.

ಒಂದು ಕಾಲ್ಪನಿಕ ಲೆಕ್ಕವನ್ನು ನೋಡೋಣ. ಬಿಳಿಗೆರೆಯ ವರ್ತಕರೊಬ್ಬರ ಖಾತೆಗೆ ವರ್ಷದಲ್ಲಿ ಯುಪಿಐ ಮೂಲಕ ರೂ. 46 ಲಕ್ಷ ಬಂದಿದೆ ಎನ್ನಿ. ಅದರಲ್ಲಿ ತೆಂಗಿನಕಾಯಿ ಮಾರಾಟದ್ದು 27 ಲಕ್ಷ, ರಾಜ್ಯದೊಳಗೇ ಮಾರಿದ ಕೊಬ್ಬರಿಯದು 11 ಲಕ್ಷ, ಮನೆ ಕಟ್ಟಲು ಮಗ ಕಳುಹಿಸಿದ್ದು 5 ಲಕ್ಷ, ಕೈಸಾಲ ಹಿಂದಿರುಗಿ ಬಂದದ್ದು 3 ಲಕ್ಷ. ಇಲಾಖೆಯ ಗಣಕಕ್ಕೆ ಕಾಣುವುದು 46 ಲಕ್ಷ ಮಾತ್ರ. ವಹಿವಾಟು 38 ಲಕ್ಷ, ಎಂದರೆ ನೋಂದಣಿಯ ಮಿತಿಯಾದ 40 ಲಕ್ಷಕ್ಕಿಂತ ಕಡಿಮೆ. ಆದರೆ ಇದೇ ವರ್ತಕರು ನಗದಿನಲ್ಲಿ ಇನ್ನೂ 4 ಲಕ್ಷದ ಕಾಯಿ ಮಾರಿದ್ದರೆ ಒಟ್ಟು 42 ಲಕ್ಷವಾಗಿ ನೋಂದಣಿ ಕಡ್ಡಾಯವಾಗುತ್ತದೆ. ತೆಂಗಿನಕಾಯಿಗೆ ತೆರಿಗೆಯಿಲ್ಲ, ಕೊಬ್ಬರಿಗೆ ಶೇ. 5 ತೆರಿಗೆಯಿದೆ, ಎರಡನ್ನೂ ಮಾರುವವರು ಮಿತಿಯನ್ನು ಲೆಕ್ಕ ಹಾಕುವಾಗ ತೆರಿಗೆಯಿಲ್ಲದ ಮಾರಾಟವನ್ನೂ ಸೇರಿಸಬೇಕು. ಬರೀ ಕಾಯಿ ಮಾರುವವರಿಗೆ ಮೊತ್ತ ಎಷ್ಟಾದರೂ ನೋಂದಣಿಯ ಅಗತ್ಯವಿಲ್ಲ. ಹೀಗಾಗಿ ಹೊರಗಿನಿಂದ ಬಂದ ಅಂಕಿಯು ವಿಚಾರಣೆಗೆ ಆಧಾರವಾಗಬಹುದೇ ಹೊರತು ತೀರ್ಮಾನವಾಗಲಾರದು. ವರ್ತಕರ ವಿವರಣೆ ಕೇಳದೆ ತೆರಿಗೆ ನಿರ್ಧರಿಸಲು ಅಧಿನಿಯಮದಲ್ಲಿ ಅವಕಾಶವಿಲ್ಲ.

ಹಾಗಾದರೆ ಮಾಹಿತಿ ವಿನಿಮಯವೇ ಬೇಡವೆನ್ನಬಹುದೇ? ಖಂಡಿತ ಇಲ್ಲ. 2023ರ ಮೇ 16ರಿಂದ ಜುಲೈ 15ರವರೆಗೆ ಕೇಂದ್ರ ಮತ್ತು ರಾಜ್ಯಗಳ ಅಧಿಕಾರಿಗಳು ಒಟ್ಟಾಗಿ ನಡೆಸಿದ ತಪಾಸಣೆಯಲ್ಲಿ ಅಸ್ತಿತ್ವದಲ್ಲೇ ಇಲ್ಲದ 21,791 ನೋಂದಣಿಗಳು ಪತ್ತೆಯಾದವು. ಶಂಕಿತ ತೆರಿಗೆ ವಂಚನೆಯ ಮೊತ್ತ ರೂ. 24,010 ಕೋಟಿ. ಇಂತಹ ನೋಂದಣಿಗಳಿಗೆ ಬೇರೆಯವರ ಪ್ಯಾನ್, ಆಧಾರ್, ವಿದ್ಯುತ್ ಬಿಲ್ಲುಗಳನ್ನು ದುರುಪಯೋಗಪಡಿಸಿಕೊಳ್ಳುವುದುಂಟು. ಸರಕೇ ಇಲ್ಲದೆ ಬಿಲ್ಲು ಕೊಡುವವನು ಕಣ್ಮರೆಯಾದಾಗ, ಆ ಬಿಲ್ಲನ್ನು ನಂಬಿ ಹೂಡುವಳಿ ತೆರಿಗೆ ಪಡೆದ ಪ್ರಾಮಾಣಿಕ ವರ್ತಕನೇ ಬಡ್ಡಿ ಸಹಿತ ಹಿಂದಿರುಗಿಸಬೇಕಾದ ಪ್ರಮೇಯ ಬರುತ್ತದೆ. ಇಲಾಖೆಗಳು ಪರಸ್ಪರ ಮಾತನಾಡದಿದ್ದರೆ ಇದರ ಲಾಭ ಕಳ್ಳನಿಗೇ.

ಈ ವಿನಿಮಯಕ್ಕೆ ಕಾನೂನು ಬೇಲಿಯನ್ನೂ ಹಾಕಿದೆ. ಜಿಎಸ್‌ಟಿ ಅಧಿನಿಯಮದ 158ನೇ ಕಲಂ ಪ್ರಕಾರ ವರ್ತಕರು ಸಲ್ಲಿಸಿದ ವಿವರಗಳು ಗೋಪ್ಯ. ಅವುಗಳನ್ನು ಇತರ ಸರ್ಕಾರಿ ಅಧಿಕಾರಿಗಳಿಗೆ ನೀಡಲು ಆ ಕಲಂನಲ್ಲೇ ಪಟ್ಟಿ ಮಾಡಿದ ಉದ್ದೇಶಗಳಿಗೆ ಮಾತ್ರ ಅವಕಾಶವಿದೆ; ತೆರಿಗೆ ವಿಧಿಸಲು ಅಥವಾ ವಸೂಲಿ ಮಾಡಲು ಅವಶ್ಯವಿರುವಷ್ಟನ್ನು ಕೊಡುವುದು ಅವುಗಳಲ್ಲೊಂದು. ಬೇಕೆಂದೇ ಮಾಹಿತಿ ಬಹಿರಂಗಪಡಿಸಿದವರಿಗೆ 133ನೇ ಕಲಂನಡಿ ಆರು ತಿಂಗಳವರೆಗೆ ಸೆರೆವಾಸ, ರೂ. 25,000ದವರೆಗೆ ದಂಡ ಅಥವಾ ಎರಡೂ ಉಂಟು. ಸರ್ಕಾರಿ ನೌಕರರ ಮೇಲೆ ಮೊಕದ್ದಮೆ ಹೂಡಲು ಸರ್ಕಾರದ ಪೂರ್ವಾನುಮತಿ ಬೇಕೆಂಬ ಷರತ್ತಿನಿಂದ ಈ ಬೇಲಿ ಸ್ವಲ್ಪ ಸಡಿಲವಾಗಿದೆ ಎಂಬುದು ನನ್ನ ಅಭಿಪ್ರಾಯ. ಸಾಲ ಪಡೆಯಲು ನಮ್ಮ ವಿವರಗಣೆಗಳನ್ನು ಬ್ಯಾಂಕಿಗೆ ತಲುಪಿಸುವಂತಹ ಸಂದರ್ಭಗಳಿಗಾಗಿ 2023ರ ಅಕ್ಟೋಬರ್ 1ರಿಂದ ಜಾರಿಯಲ್ಲಿರುವ 158ಎ ಕಲಂ ಬೇರೆಯೇ ಆಗಿದ್ದು, ಅಲ್ಲಿ ನಮ್ಮ ಒಪ್ಪಿಗೆ ಕಡ್ಡಾಯ.

2023ರ ಜುಲೈ 7ರ ಅಧಿಸೂಚನೆಯಿಂದ ವರ್ತಕರಲ್ಲಿ ಬಹಳ ಆತಂಕ ಉಂಟಾಯಿತು. ಜಿಎಸ್‌ಟಿ ಜಾಲವನ್ನು ಜಾರಿ ನಿರ್ದೇಶನಾಲಯದ ಪಟ್ಟಿಗೆ ಸೇರಿಸಿದ್ದರಿಂದ ನಮ್ಮ ಲೆಕ್ಕಪುಸ್ತಕಗಳೆಲ್ಲ ಅಲ್ಲಿಗೆ ಹೋಗುತ್ತವೆ ಎಂದು ಅನೇಕರು ಭಾವಿಸಿದರು. ಹಣ ಅಕ್ರಮ ವರ್ಗಾವಣೆ ತಡೆ ಅಧಿನಿಯಮದ 66ನೇ ಕಲಂ ಓದಿದರೆ ಮಾಹಿತಿ ಹರಿಯುವ ದಿಕ್ಕು ಬೇರೆಯೆಂದು ತಿಳಿಯುತ್ತದೆ: ನಿರ್ದೇಶನಾಲಯವು ತನ್ನಲ್ಲಿರುವ ಮಾಹಿತಿಯನ್ನು ಜಾಲಕ್ಕೆ ಕೊಡಲು ಅದು ಅವಕಾಶ ನೀಡುತ್ತದೆ.

ಇವೆಲ್ಲಕ್ಕೂ ಮೇಲೆ ನಿಂತಿರುವುದು 2017ರ ಆಗಸ್ಟ್ 24ರ ಸುಪ್ರೀಂ ಕೋರ್ಟಿನ ತೀರ್ಪು. ನಮ್ಮ ರಾಜ್ಯದ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಹೂಡಿದ್ದ ಪ್ರಕರಣದಲ್ಲಿ ಒಂಬತ್ತು ನ್ಯಾಯಾಧೀಶರ ಪೀಠವು ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿತು. ಸರ್ಕಾರ ಅದನ್ನು ಮಿತಗೊಳಿಸಬೇಕಾದರೆ ಕಾನೂನಿರಬೇಕು, ನ್ಯಾಯಸಮ್ಮತ ಉದ್ದೇಶವಿರಬೇಕು, ಕ್ರಮವು ಆ ಉದ್ದೇಶಕ್ಕೆ ತಕ್ಕಷ್ಟೇ ಇರಬೇಕು. ಮೇಲಿನ 46 ಲಕ್ಷದ ಉದಾಹರಣೆಯಲ್ಲಿ ಮೊದಲೆರಡಕ್ಕೆ ತಕರಾರಿಲ್ಲ. ಮಗ ಕಳುಹಿಸಿದ ಹಣವನ್ನೂ ಮಾರಾಟವೆಂದು ಎಣಿಸಿದರೆ ಮೂರನೆಯದು ಕೆಡುತ್ತದೆ.

2023ರ ವೈಯಕ್ತಿಕ ದತ್ತಾಂಶ ರಕ್ಷಣಾ ಅಧಿನಿಯಮವು ಅಪರಾಧ ತಡೆ ಮತ್ತು ತನಿಖೆಯ ಕಾರ್ಯಕ್ಕೆ ಹೆಚ್ಚಿನ ಕಟ್ಟುಪಾಡುಗಳಿಂದ ವಿನಾಯಿತಿ ನೀಡಿದೆ; ಮಾಹಿತಿ ಸೋರದಂತೆ ಕಾಯುವ ಹೊಣೆಯಿಂದ ಮಾತ್ರ ಅದಕ್ಕೂ ವಿನಾಯಿತಿಯಿಲ್ಲ. ವರ್ತಕರು ಗಮನಿಸಬೇಕಾದ ಅಂಶವೆಂದರೆ, ಈ ಅಧಿನಿಯಮ ನಮಗೂ ಅನ್ವಯಿಸುತ್ತದೆ. ಕಾಯಿ ಕೊಟ್ಟ ರೈತರ ಆಧಾರ್, ಲಾರಿ ಚಾಲಕರ ಪರವಾನಗಿ, ಸುಲಿಯುವ ಆಳುಗಳ ಬ್ಯಾಂಕ್ ಪುಸ್ತಕ ಇವುಗಳ ಚಿತ್ರಗಳು ಮಂಡಿಯ ಗುಮಾಸ್ತರ ಮೊಬೈಲಿನಲ್ಲಿ ಎಷ್ಟಿವೆಯೋ ಯಾರಿಗೂ ಲೆಕ್ಕವಿಲ್ಲ. 2025ರ ನವೆಂಬರಿನಲ್ಲಿ ಪ್ರಕಟವಾದ ನಿಯಮಗಳು ಮುಖ್ಯ ಹೊಣೆಗಾರಿಕೆಗಳಿಗೆ ಹದಿನೆಂಟು ತಿಂಗಳ ಕಾಲಾವಕಾಶ ನೀಡಿವೆ. ಅಷ್ಟರೊಳಗೆ ಬೇಡವಾದವುಗಳನ್ನು ಅಳಿಸುವುದು ಲೇಸು.

ಆಧಾರ್ ಪ್ರತಿ ಕೊಡಲೇಬೇಕಾದಾಗ ಮೊದಲ ಎಂಟು ಅಂಕಿಗಳು ಮುಚ್ಚಿರುವ ಪ್ರತಿಯನ್ನು ಕೊಡಿ. ಯಾವ ಕೆಲಸಕ್ಕೆ ಎಂಬುದನ್ನೂ ದಿನಾಂಕವನ್ನೂ ಅದರ ಮೇಲೆಯೇ ಬರೆಯಿರಿ. ವ್ಯಾಪಾರಕ್ಕೂ ಮನೆಗೂ ಬೇರೆ ಬೇರೆ ಖಾತೆ ಇಟ್ಟುಕೊಂಡರೆ ಅರ್ಧ ತೊಂದರೆ ತಪ್ಪುತ್ತದೆ. ಜಿಎಸ್‌ಟಿ ಜಾಲತಾಣದಲ್ಲಿ ಪ್ಯಾನ್ ಸಂಖ್ಯೆ ನಮೂದಿಸಿದರೆ ಅದರ ಮೇಲೆ ದೇಶದ ಯಾವ ಯಾವ ರಾಜ್ಯದಲ್ಲಿ ನೋಂದಣಿಯಾಗಿದೆ ಎಂಬುದು ಶುಲ್ಕವಿಲ್ಲದೆ ಕಾಣುತ್ತದೆ. ನೀವು ಕಂಡರಿಯದ ನೋಂದಣಿಯೊಂದು ಅಲ್ಲಿದ್ದರೆ ಕೂಡಲೇ ಅದೇ ಜಾಲತಾಣದಲ್ಲಿ ದೂರು ದಾಖಲಿಸಿ, ಪೊಲೀಸ್ ಠಾಣೆಯಲ್ಲಿಯೂ ದೂರು ನೀಡಿ ಸ್ವೀಕೃತಿ ಪಡೆದಿಟ್ಟುಕೊಳ್ಳತಕ್ಕದ್ದು. ಮುಂದೆ ಆ ಹೆಸರಿನಲ್ಲಿ ನೋಟಿಸು ಬಂದಾಗ ಉತ್ತರದೊಡನೆ ಲಗತ್ತಿಸಬೇಕಾದ ಮೊದಲ ಕಾಗದ ಅದೇ.