ಜೀವಂತ ಸರಕಿನ ವ್ಯಾಪಾರ: ದ್ವಿದಳ ಬೆಳೆಗಳಿಗೆ ರೈಜೋಬಿಯಂ

ಬೇಲೆಕೇರಿ ಎಂದೊಡನೆ ವರ್ತಕ ವಲಯಕ್ಕೆ ನೆನಪಾಗುವುದು ಅಲ್ಲಿಯ ಬಂದರು ಹಾಗೂ 2010ರ ರಫ್ತು ನಿಷೇಧದವರೆಗೆ ಅಲ್ಲಿಂದ ಸಾಗಿದ ಕಬ್ಬಿಣದ ಅದಿರು. ಅದೇ ಅಂಕೋಲಾ-ಕಾರವಾರ ಕರಾವಳಿಯ ಗದ್ದೆಗಳಲ್ಲಿ ಭತ್ತದ ಕೊಯ್ಲಿನ ನಂತರ ಶೇಂಗಾ, ಉದ್ದು, ಅಲಸಂದೆಯಂತಹ ಬೆಳೆಗಳನ್ನು ತೆಗೆಯಲಾಗುತ್ತದೆ. ಈ ಬೆಳೆಗಳಿಗೆ ನೆರವಾಗುವ ರೈಜೋಬಿಯಂ ಜೀವಾಣು ಗೊಬ್ಬರವು ಗೊಬ್ಬರದ ಅಂಗಡಿಯನ್ನು ಹಾದು ರೈತನ ಕೈ ಸೇರುವ ಸರಕು. ಅದು ಜೀವಂತವಾಗಿ ಸೇರುತ್ತದೆಯೇ ಎಂಬುದು ತಯಾರಕರೂ ವರ್ತಕರೂ ಸಮಾನವಾಗಿ ಯೋಚಿಸಬೇಕಾದ ವಿಷಯವಾಗಿದೆ.

ಬೇರಿನ ಗಂಟಿನಲ್ಲಿ ವಿನಿಮಯ

ಗಾಳಿಯಲ್ಲಿ ಶೇ. 78ರಷ್ಟು ಸಾರಜನಕವಿದ್ದರೂ ಸಸ್ಯಗಳು ಅದನ್ನು ನೇರವಾಗಿ ಬಳಸಲಾರವು. ರೈಜೋಬಿಯಂ ಜಾತಿಯ ಬ್ಯಾಕ್ಟೀರಿಯಾಗಳು ದ್ವಿದಳ ಸಸ್ಯದ ಬೇರನ್ನು ಹೊಕ್ಕು ಗಂಟುಗಳನ್ನು ರಚಿಸುತ್ತವೆ. ಸಸ್ಯದಿಂದ ಸಕ್ಕರೆಯ ಅಂಶವನ್ನು ಪಡೆದು, ಪ್ರತಿಯಾಗಿ ಸಾರಜನಕವನ್ನು ಅಮೋನಿಯಾ ರೂಪಕ್ಕೆ ತಂದು ಕೊಡುತ್ತವೆ. 1888ರಲ್ಲಿ ಹಾಲೆಂಡಿನ ವಿಜ್ಞಾನಿ ಬೈಜೆರಿಂಕ್ ಈ ಬ್ಯಾಕ್ಟೀರಿಯಾವನ್ನು ಪ್ರತ್ಯೇಕಿಸಿದರು. ಮುಂದಿನ ದಶಕದಲ್ಲಿಯೇ ಜರ್ಮನಿಯಲ್ಲಿ ‘ನೈಟ್ರಾಜಿನ್’ ಹೆಸರಿನಲ್ಲಿ ಅದರ ಮಾರಾಟವೂ ಆರಂಭವಾಯಿತು. ಇಂದು ಬ್ರೆಜಿಲ್ ದೇಶದ ಸೋಯಾಬೀನ್ ಕೃಷಿಯು ಬಹುಮಟ್ಟಿಗೆ ಈ ಜೀವಾಣುಗಳನ್ನೇ ಅವಲಂಬಿಸಿದೆ; ಅಲ್ಲಿನ ಸೂಕ್ಷ್ಮಜೀವಿ ತಜ್ಞೆ ಮಾರಿಯಾಂಜೆಲಾ ಹುಂಗ್ರಿಯಾ ಅವರಿಗೆ 2025ರ ವಿಶ್ವ ಆಹಾರ ಪ್ರಶಸ್ತಿ ಸಂದಿದೆ.

ಕರಾವಳಿಯ ವಿಶೇಷ

ಶೇಂಗಾ, ಅಲಸಂದೆಗಳಲ್ಲಿ ಗಂಟು ಕಟ್ಟುವ ಜೀವಾಣುಗಳು ನಮ್ಮ ಮಣ್ಣಿನಲ್ಲಿ ಸಹಜವಾಗಿಯೇ ಇರುತ್ತವೆ. ಆದುದರಿಂದ ಎಲ್ಲ ಹೊಲಗಳಲ್ಲಿಯೂ ಪೊಟ್ಟಣದಿಂದ ಸಮಾನ ಲಾಭ ದೊರೆಯದು. ಆದರೆ ತಿಂಗಳುಗಟ್ಟಲೆ ನೀರು ನಿಂತ ಭತ್ತದ ಗದ್ದೆಯಲ್ಲಿ ಅವುಗಳ ಸಂಖ್ಯೆ ಕುಗ್ಗುತ್ತದೆ. ಕರಾವಳಿಯ ಆಮ್ಲೀಯ ಮಣ್ಣೂ ಅವುಗಳಿಗೆ ಪ್ರತಿಕೂಲವೇ. ಇಂತಹ ಕಡೆ ಬೀಜೋಪಚಾರಕ್ಕೆ ಅರ್ಥವಿದೆ. ಮಣ್ಣಿನ ಪರೀಕ್ಷೆ ಮಾಡಿಸಿ, ಅಗತ್ಯವಿದ್ದಲ್ಲಿ ಸುಣ್ಣ ಕೊಡುವುದೂ ಲಾಭದಾಯಕ. ಯೂರಿಯಾ ಅತಿಯಾದರೆ ಗಂಟುಗಳು ಕಡಿಮೆಯಾಗುತ್ತವೆ ಎಂಬುದನ್ನು ಗೊಬ್ಬರ ವರ್ತಕರು ಗ್ರಾಹಕರಿಗೆ ತಿಳಿಸಬೇಕು.

ಅಂಗಡಿಯ ಹೊಣೆ

2006ರಲ್ಲಿ ಜೀವಾಣು ಗೊಬ್ಬರಗಳು 1985ರ ರಸಗೊಬ್ಬರ ನಿಯಂತ್ರಣ ಆದೇಶದ ವ್ಯಾಪ್ತಿಗೆ ಬಂದವು. ಅದರಂತೆ ಪುಡಿ ರೂಪದ ರೈಜೋಬಿಯಂನ ಪ್ರತಿ ಗ್ರಾಮಿನಲ್ಲಿ ಕನಿಷ್ಠ 5 ಕೋಟಿ, ದ್ರವ ರೂಪದ ಪ್ರತಿ ಮಿಲಿಲೀಟರಿನಲ್ಲಿ ಕನಿಷ್ಠ 10 ಕೋಟಿ ಜೀವಂತ ಕೋಶಗಳಿರಬೇಕು. ಆದರೆ ಸತ್ತ ಪೊಟ್ಟಣಕ್ಕೂ ಜೀವಂತ ಪೊಟ್ಟಣಕ್ಕೂ ಕಣ್ಣಿಗೆ ವ್ಯತ್ಯಾಸ ಕಾಣದು. ತಗಡಿನ ಛಾವಣಿಯ ಗೋದಾಮಿನಲ್ಲಿ, ಬಿಸಿಲು ಬೀಳುವ ಕಪಾಟಿನಲ್ಲಿ, ಕೀಟನಾಶಕಗಳ ಪಕ್ಕದಲ್ಲಿ ಇಟ್ಟ ಸರಕು ಅವಧಿಗೆ ಮುನ್ನವೇ ನಿರ್ಜೀವವಾಗಬಹುದು. ಮಳೆಗಾಲದಲ್ಲಿ ಉಳಿದ ದಾಸ್ತಾನನ್ನು ಹಿಂಗಾರಿಗೆ ಮಾರುವ ಮೊದಲು ಅವಧಿ ಮುಗಿಯುವ ದಿನಾಂಕವನ್ನು ನೋಡಲೇಬೇಕು. ಬೆಳೆಯ ಹೆಸರೂ ಮುಖ್ಯ: ಕಡಲೆಗೆಂದು ತಯಾರಿಸಿದ ಜೀವಾಣು ಶೇಂಗಾಕ್ಕೆ ಉಪಯೋಗವಾಗದು.

ಮಾರುವಾಗ ಬಳಕೆಯ ಕ್ರಮವನ್ನೂ ಹೇಳಬೇಕು. ಸಾಮಾನ್ಯವಾಗಿ 10 ಕಿಲೋ ಬೀಜಕ್ಕೆ 200 ಗ್ರಾಂ ಪುಡಿಯನ್ನು ತಣಿದ ಬೆಲ್ಲದ ಪಾಕದಲ್ಲಿ ಕಲಸಿ, ಬೀಜಕ್ಕೆ ಲೇಪಿಸಿ, ನೆರಳಿನಲ್ಲಿ ಆರಿಸಿ ಅದೇ ದಿನ ಬಿತ್ತಬೇಕು. ರಸಗೊಬ್ಬರದೊಡನೆ ಬೆರೆಸಬಾರದು.

ಸಣ್ಣ ತಯಾರಕರಿಗೆ

ಈ ಉದ್ಯಮದಲ್ಲಿ ಯಂತ್ರಕ್ಕಿಂತಲೂ ಶುದ್ಧತೆಯೇ ದೊಡ್ಡ ಬಂಡವಾಳ. ಉತ್ತಮ ಮೂಲ ತಳಿ, ಕ್ರಿಮಿಶುದ್ಧಗೊಳಿಸಿದ ಲಿಗ್ನೈಟ್ ಅಥವಾ ಇದ್ದಿಲಿನ ಪುಡಿ ಹಾಗೂ ಪ್ರತಿ ತಂಡದ ಕೋಶ ಎಣಿಕೆ, ಇವಿಲ್ಲದೆ ಈ ಉದ್ಯಮಕ್ಕೆ ಇಳಿಯುವುದು ಉಚಿತವಲ್ಲ. ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಸೂಕ್ಷ್ಮಜೀವಿ ವಿಭಾಗದ ಸಲಹೆ ಪಡೆಯುವುದು ಮೊದಲ ಹೆಜ್ಜೆಯಾಗಲಿ.

ಫಲಿತಾಂಶದ ಪರೀಕ್ಷೆ ಸುಲಭ. ಬಿತ್ತಿ ಐದಾರು ವಾರಗಳ ನಂತರ ಒಂದು ಗಿಡವನ್ನು ಬೇರು ಸಹಿತ ಮೆಲ್ಲಗೆ ಅಗೆದು, ಗಂಟನ್ನು ಸೀಳಿ ನೋಡಬೇಕು. ಒಳಭಾಗ ಕೆಂಪಾಗಿದ್ದರೆ ಗಂಟು ಕೆಲಸ ಮಾಡುತ್ತಿದೆ. ಬಿಳಿ ಅಥವಾ ಹಸಿರಾಗಿದ್ದರೆ ಇಲ್ಲ. ಬಿಲ್ಲಿನಲ್ಲಿ ತಂಡ ಸಂಖ್ಯೆಯನ್ನು ನಮೂದಿಸುವ ವರ್ತಕನು ತಾನು ಮಾರಿದ ಸರಕಿನ ಗುಣವನ್ನು ಗ್ರಾಹಕನ ಗದ್ದೆಯಲ್ಲಿಯೇ ಅರಿಯಬಲ್ಲನು. ದೋಷ ಕಂಡಲ್ಲಿ ಅದೇ ಸಂಖ್ಯೆಯನ್ನು ಹಿಡಿದು ತಯಾರಕರನ್ನು ಪ್ರಶ್ನಿಸಲೂ ಬಲ್ಲನು.