ಮುಂಬಯಿಗೆ ಎಷ್ಟು ಎತ್ತರ?

ಮುಂಬಯಿ ಸಮುದ್ರಮಟ್ಟದಿಂದ ಎಷ್ಟು ಎತ್ತರದಲ್ಲಿದೆ ಎಂದು ಕೇಳಿದರೆ ಸಾಮಾನ್ಯವಾಗಿ ಸಿಗುವ ಉತ್ತರ 10ರಿಂದ 15 ಮೀಟರು. ಉತ್ತರ ತಪ್ಪಲ್ಲ, ಆದರೆ ಸರಾಸರಿ ಎಂಬುದು ಬಲು ಮೋಸದ ಲೆಕ್ಕ. ಶ್ರೀಮಂತರ ಬಂಗಲೆಗಳಿರುವ ಮಲಬಾರ್ ಹಿಲ್‌ನ ನೆತ್ತಿ ಸುಮಾರು 50 ಮೀಟರು ಎತ್ತರದಲ್ಲಿದೆ. ಬೊರಿವಲಿಯ ರಾಷ್ಟ್ರೀಯ ಉದ್ಯಾನದ ಬೆಟ್ಟಗಳು ಸುಮಾರು 450 ಮೀಟರಿನವರೆಗೆ ಏರುತ್ತವೆ. ಅದೇ ಊರಿನಲ್ಲಿ ಕಡಲಿನ ದೊಡ್ಡ ಉಬ್ಬರಕ್ಕಿಂತ ತಗ್ಗಿನಲ್ಲಿರುವ ನೆಲವೂ ಇದೆ. ಪರೇಲಿನ ಹಿಂದ್‌ಮಾತಾ, ಸಾಂತಾಕ್ರೂಜಿನ ಮಿಲನ್ ಸಬ್‌ವೇ, ಉಡುಪಿ ಹೋಟೆಲುಗಳಿಂದಾಗಿ ಕನ್ನಡಿಗರಿಗೆ ಚಿರಪರಿಚಿತವಾದ ಮಾಟುಂಗಾದ ಪಕ್ಕದ ಕಿಂಗ್ಸ್ ಸರ್ಕಲ್: ಮಳೆಗಾಲ ಬಂತೆಂದರೆ ನೀರು ನಿಲ್ಲುವುದು ಮತ್ತೆ ಮತ್ತೆ ಇಂಥ ಕೆಲವೇ ಜಾಗಗಳಲ್ಲಿ. ಅದಕ್ಕೆ ಕಾರಣ ತಿಳಿಯಬೇಕಾದರೆ ಮುನ್ನೂರು ವರ್ಷಗಳ ಹಿಂದಿನ ನಕ್ಷೆಯನ್ನು ನೋಡಬೇಕು.

ಎರಡು ದಿಣ್ಣೆ, ನಡುವೆ ತಗ್ಗು

ದಖ್ಖನ್ನಿನ ಲಾವಾ ಶಿಲೆಯೇ ಮುಂಬಯಿಯ ತಳಪಾಯ. ಹಳೆಯ ನಗರದಲ್ಲಿ ಈ ಶಿಲೆಯ ಎರಡು ದಿಣ್ಣೆಗಳು ದಕ್ಷಿಣೋತ್ತರವಾಗಿ ಚಾಚಿಕೊಂಡಿವೆ. ಪಶ್ಚಿಮದ್ದು ಮಲಬಾರ್ ಹಿಲ್‌ನಿಂದ ವರ್ಳಿಯ ಕಡೆಗೆ ಹೋಗುತ್ತದೆ. ಪೂರ್ವದ್ದು ಡೋಂಗ್ರಿ, ಮಜಗಾಂವ್, ಪರೇಲ್, ಸಾಯನ್‌ಗಳನ್ನು ಪೋಣಿಸುತ್ತದೆ. ಎರಡರ ನಡುವೆ ಇದ್ದುದು ತಗ್ಗು ನೆಲ. ಮಹಾಲಕ್ಷ್ಮಿಗೂ ವರ್ಳಿಗೂ ನಡುವಿನ ತೆರಪಿನಿಂದ ಉಬ್ಬರದ ಕಡಲು ಒಳನುಗ್ಗಿ ಭಾಯಖಳಾದವರೆಗೂ ಹರಡಿಕೊಳ್ಳುತ್ತಿತ್ತು. ಇಳಿತವಾದಾಗ ಉಳಿಯುತ್ತಿದ್ದುದು ಬರೀ ಕೆಸರು. ಹೀಗೆ ನೀರು ಸುತ್ತುವರಿದು ಉಳಿದ ದಿಬ್ಬಗಳೇ ಕೊಲಾಬಾ, ಚಿಕ್ಕ ಕೊಲಾಬಾ, ಮುಂಬಯಿ, ಮಜಗಾಂವ್, ಪರೇಲ್, ವರ್ಳಿ, ಮಾಹಿಮ್ ಎಂಬ ಏಳು ನಡುಗಡ್ಡೆಗಳು.

ಆ ನೀರಿನ ನೆನಪು ಊರಿನ ಹೆಸರುಗಳಲ್ಲಿ ಉಳಿದಿದೆ. ಪಾಯಧುನಿ ಎಂದರೆ ಕಾಲು ತೊಳೆಯುವ ತಾವು. ಕೆಸರು ನೀರನ್ನು ಹಾಯ್ದು ಬಂದವರು ಅಲ್ಲಿ ಕಾಲು ತೊಳೆಯುತ್ತಿದ್ದರಂತೆ. ಉಮರಖಾಡಿಯ 'ಖಾಡಿ' ಎಂದರೆ ಮರಾಠಿಯಲ್ಲಿ ಕಡಲ ಹಿನ್ನೀರು.

ಇವುಗಳ ಉತ್ತರಕ್ಕೆ ಸಾಷ್ಟಿ ಎಂಬ ದೊಡ್ಡ ದ್ವೀಪ. ಇಂದಿನ ಉಪನಗರಗಳೆಲ್ಲ ಅದರ ಮೇಲಿವೆ. ಅಲ್ಲಿಯ ಕಾನ್ಹೇರಿ ಗುಹೆಗಳಲ್ಲಿ ಒಂಬತ್ತನೆಯ ಶತಮಾನದ ಶಾಸನಗಳಿವೆ. ಕೊಂಕಣವನ್ನು ಆಳುತ್ತಿದ್ದ ಶಿಲಾಹಾರರು ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಮಾಂಡಲಿಕರಾಗಿದ್ದರೆಂಬುದಕ್ಕೆ ಅವು ಸಾಕ್ಷಿ. ಬೆಟ್ಟದ ಮೇಲಿದ್ದ ಆ ಬೌದ್ಧ ಭಿಕ್ಷುಗಳು ಬಂಡೆಯಲ್ಲಿ ತೊಟ್ಟಿ ಕೊರೆದು ಮಳೆನೀರು ಹಿಡಿದಿಟ್ಟುಕೊಂಡಿದ್ದರು. ಕೆಳಗಿನವರ ಕಷ್ಟ ಅದಕ್ಕೆ ವಿರುದ್ಧವಾದುದು: ಬಂದ ನೀರನ್ನು ಹೊರಗೆ ಹಾಕುವುದು.

ಕಡಲಿಗೊಂದು ಒಡ್ಡು

1534ರಲ್ಲಿ ಗುಜರಾತಿನ ಸುಲ್ತಾನ ಬಹಾದೂರ್ ಷಾ ಈ ದ್ವೀಪಗಳನ್ನು ಪೋರ್ಚುಗೀಸರಿಗೆ ಬಿಟ್ಟುಕೊಟ್ಟ. 1661ರ ಮದುವೆಯ ಒಪ್ಪಂದದಲ್ಲಿ ಅವು ಇಂಗ್ಲೆಂಡಿನ ದೊರೆ ಎರಡನೆಯ ಚಾರ್ಲ್ಸನ ಪಾಲಾದವು. 1668ರಲ್ಲಿ ಆತ ವರ್ಷಕ್ಕೆ ಹತ್ತು ಪೌಂಡು ಬಾಡಿಗೆಗೆ ಅವನ್ನು ಈಸ್ಟ್ ಇಂಡಿಯಾ ಕಂಪೆನಿಗೆ ಕೊಟ್ಟ.

ಕಡಲು ನುಗ್ಗುತ್ತಿದ್ದ ದೊಡ್ಡ ತೆರಪನ್ನು ಮುಚ್ಚಿಸಿದವನು 1771ರಿಂದ 1784ರವರೆಗೆ ಗವರ್ನರನಾಗಿದ್ದ ವಿಲಿಯಂ ಹಾರ್ನ್‌ಬಿ. ಲಂಡನ್ನಿನ ನಿರ್ದೇಶಕರ ಒಪ್ಪಿಗೆಗೆ ಕಾಯದೆ ಆತ ಕೆಲಸ ಹಚ್ಚಿದನೆಂದು ಹೇಳುತ್ತಾರೆ. ಕಟ್ಟಿದ ಗೋಡೆ ಮತ್ತೆ ಮತ್ತೆ ಕುಸಿಯುತ್ತಿದ್ದಾಗ ಎಂಜಿನಿಯರನ ಕನಸಿನಲ್ಲಿ ದೇವಿ ಕಾಣಿಸಿಕೊಂಡಳು, ಕಡಲಿನಿಂದ ವಿಗ್ರಹವನ್ನು ಎತ್ತಿ ತಂದ ಮೇಲೆ ಒಡ್ಡು ನಿಂತಿತು ಎಂಬುದು ಮಹಾಲಕ್ಷ್ಮಿ ಗುಡಿಯ ಐತಿಹ್ಯ. ಹಾರ್ನ್‌ಬಿ ವೆಲ್ಲಾರ್ಡ್ ಎಂದು ಹೆಸರಾದ ಆ ಒಡ್ಡಿನ ಮೇಲಿನ ರಸ್ತೆಯೇ ಇಂದಿನ ಲಾಲಾ ಲಜಪತ್ ರಾಯ್ ಮಾರ್ಗ.

ಇಲ್ಲೊಂದು ಸಂಗತಿಯನ್ನು ಗಮನಿಸಬೇಕು. ಒಡ್ಡು ಕಡಲನ್ನು ತಡೆಯಿತೇ ಹೊರತು ಅದರ ಹಿಂದಿನ ನೆಲವನ್ನು ಎತ್ತರಿಸಲಿಲ್ಲ. ಗುಡ್ಡದ ಮಣ್ಣು, ಊರಿನ ಕಸ ಸುರಿದು ತಗ್ಗನ್ನು ಕೊಂಚ ಕೊಂಚವಾಗಿ ತುಂಬಿಸಿದರು. ಅದರ ಮೇಲೆ ಹತ್ತಿ ಗಿರಣಿಗಳೂ ಕೂಲಿಕಾರರ ಚಾಳುಗಳೂ ಎದ್ದವು. ದಿಣ್ಣೆಯ ಮೇಲೆ ಉಳ್ಳವರು, ತಗ್ಗಿನಲ್ಲಿ ದುಡಿಯುವವರು ಎಂಬ ವಿಂಗಡಣೆಗೆ ಆಗಲೇ ಬುನಾದಿ ಬಿತ್ತು.

ಮುಂದಿನದು ವೇಗದ ಕಥೆ. 1838ರಲ್ಲಿ ಕೊಲಾಬಾಕ್ಕೆ ಏರಿರಸ್ತೆ ಬಂತು. 1845ರಲ್ಲಿ ಲೇಡಿ ಆವಾಬಾಯಿ ಜೀಜೀಭಾಯಿ ಕೊಟ್ಟ ಹಣದಿಂದ ಮಾಹಿಮ್ ಏರಿರಸ್ತೆಯಾಯಿತು. ಜನರಿಂದ ಸುಂಕ ವಸೂಲು ಮಾಡಬಾರದೆಂಬುದು ಆಕೆ ಹಾಕಿದ ಷರತ್ತು. ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ ಹತ್ತಿಯ ಹಣ ಹರಿದು ಬಂದು, ಕಡಲು ತುಂಬಿಸುವ ಕಂಪೆನಿಗಳು ಹುಟ್ಟಿ, 1865ರಲ್ಲಿ ಮುಳುಗಿದವು. ಇಪ್ಪತ್ತನೆಯ ಶತಮಾನದಲ್ಲಿ ಮರೀನ್ ಡ್ರೈವ್, ನರಿಮನ್ ಪಾಯಿಂಟ್‌ಗಳು ಕಡಲಿನಿಂದ ಮೇಲೆದ್ದವು.

ಯಾವ ಸೊನ್ನೆಯಿಂದ ಅಳತೆ?

ಮಳೆಗಾಲದಲ್ಲಿ 'ಇಂದು 4.5 ಮೀಟರಿನ ಉಬ್ಬರ' ಎಂಬ ಎಚ್ಚರಿಕೆ ಬರುತ್ತದೆ. ಇದನ್ನು ಸರಾಸರಿ ಸಮುದ್ರಮಟ್ಟದಿಂದ ಅಳೆದದ್ದೆಂದು ತಿಳಿದವರು ಗಾಬರಿಯಾಗಬಹುದು. ಬಂದರಿನ ಲೆಕ್ಕದ ಸೊನ್ನೆ ಬೇರೆ. ಹಡಗುಗಳ ಸುರಕ್ಷತೆಗಾಗಿ ಇಳಿತದ ಅತಿ ತಗ್ಗಿನ ಮಟ್ಟವನ್ನೇ ಅಲ್ಲಿ ಸೊನ್ನೆ ಎನ್ನುತ್ತಾರೆ. ಮುಂಬಯಿಯಲ್ಲಿ ಸರಾಸರಿ ಸಮುದ್ರಮಟ್ಟ ಈ ಸೊನ್ನೆಗಿಂತ ಸುಮಾರು ಎರಡೂವರೆ ಮೀಟರು ಮೇಲಿದೆ. ಎಂದರೆ 4.5 ಮೀಟರಿನ ಉಬ್ಬರ ಸರಾಸರಿ ಮಟ್ಟಕ್ಕಿಂತ ಎರಡು ಮೀಟರು ಮಾತ್ರ ಮೇಲೆ.

ಆ ಎರಡು ಮೀಟರೇ ಸಾಕು. ನಗರದ ಮಳೆನೀರಿನ ಚರಂಡಿಗಳಲ್ಲಿ ಬಹುಪಾಲು ಕಡಲಿಗೆ ತೆರೆದುಕೊಳ್ಳುವುದು ಉಬ್ಬರದ ಮಟ್ಟಕ್ಕಿಂತ ಕೆಳಗೆ. ದಿನಕ್ಕೆರಡು ಬಾರಿ ಕಡಲೇ ಅವುಗಳ ಬಾಯಿ ಮುಚ್ಚುತ್ತದೆ. ಬಾಗಿಲು ಹಾಕದಿದ್ದರೆ ಉಪ್ಪುನೀರು ಒಳಗೆ ಬರುತ್ತದೆ, ಹಾಕಿದರೆ ಮಳೆನೀರು ಒಳಗೇ ನಿಲ್ಲುತ್ತದೆ. ಹಳೆಯ ಚರಂಡಿಗಳನ್ನು ಕಟ್ಟಿದ್ದೇ ಗಂಟೆಗೆ 25 ಮಿಲಿಮೀಟರು ಮಳೆಗೆ, ಅದೂ ಇಳಿತವಿದ್ದಾಗ.

2005ರ ಜುಲೈ 26ರಂದು ಆದದ್ದು ಇದರ ಪರಮಾವಧಿ. ಸಾಂತಾಕ್ರೂಜಿನಲ್ಲಿ 24 ಗಂಟೆಗಳಲ್ಲಿ 944 ಮಿಲಿಮೀಟರು ಮಳೆ ಬಿತ್ತು. ಅದೇ ಅವಧಿಯಲ್ಲಿ ಕೊಲಾಬಾದಲ್ಲಿ ಬಿದ್ದದ್ದು 75 ಮಿಲಿಮೀಟರಿಗೂ ಕಡಿಮೆ. ಮಧ್ಯಾಹ್ನದ ದೊಡ್ಡ ಉಬ್ಬರವೂ ಅದಕ್ಕೆ ಕೂಡಿಕೊಂಡಿತು. ವಿಹಾರ್, ಪೊವಾಯಿ ಕೆರೆಗಳ ಹೆಚ್ಚುವರಿ ನೀರನ್ನು ಮಾಹಿಮ್ ಅಳಿವೆಗೆ ಒಯ್ಯುವ ಮಿಠಿ ನದಿಗೆ ಹರಿಯಲು ಜಾಗವಿರಲಿಲ್ಲ. ವಿಮಾನನಿಲ್ದಾಣದ ಬಳಿ ಅದನ್ನು ಬಗ್ಗಿಸಿ ಕಿರಿದಾಗಿಸಿದ್ದರು. ಕೆಳಗಿನ ಜವುಗು ನೆಲವನ್ನು ತುಂಬಿಸಿ ಬಾಂದ್ರಾ-ಕುರ್ಲಾ ಸಂಕೀರ್ಣ ಕಟ್ಟಿದ್ದರು. ನೂರಾರು ಜನ ಸತ್ತರು.

ಪಂಪುಗಳ ಮೇಲೆ ನಿಂತ ಊರು

ಚರಂಡಿಗಳ ಸಾಮರ್ಥ್ಯವನ್ನು ಗಂಟೆಗೆ 50 ಮಿಲಿಮೀಟರಿಗೆ ಏರಿಸಬೇಕೆಂಬ ವರದಿ 1993ರಲ್ಲೇ ಬಂದಿತ್ತು. ಅದಕ್ಕೆ ಚುರುಕು ಬಂದದ್ದು 2005ರ ನಂತರ. ಹಾಜಿ ಅಲಿ, ಇರ್ಲಾ ಮೊದಲಾದೆಡೆ ದೊಡ್ಡ ಪಂಪಿಂಗ್ ಕೇಂದ್ರಗಳಾದವು. ಹಿಂದ್‌ಮಾತಾದ ನೀರನ್ನು ಇಳಿತ ಬರುವವರೆಗೆ ಹಿಡಿದಿಡಲು ಹತ್ತಿರದ ಮೈದಾನಗಳ ಅಡಿಯಲ್ಲಿ ಭಾರಿ ತೊಟ್ಟಿಗಳನ್ನು ಕಟ್ಟಿದರು. ಕಾನ್ಹೇರಿಯ ಭಿಕ್ಷುಗಳ ಉಪಾಯವೇ ಇದು, ಉದ್ದೇಶ ಮಾತ್ರ ಬೇರೆ.

ಕಡಲಿನ ಮಟ್ಟ ನಿಧಾನವಾಗಿ ಏರುತ್ತಿದೆ. ಅದು ಒಂದೊಂದು ಅಂಗುಲ ಏರಿದಂತೆಯೂ ಚರಂಡಿಯ ಬಾಯಿ ತೆರೆದಿರುವ ಹೊತ್ತು ಕಡಿಮೆಯಾಗುತ್ತದೆ, ಪಂಪಿನ ದುಡಿಮೆ ಹೆಚ್ಚುತ್ತದೆ. ಹೀಗಿದ್ದರೂ ಕಡಲನ್ನು ತುಂಬಿಸುವುದು ನಿಂತಿಲ್ಲ. 2024ರಲ್ಲಿ ಹಂತಹಂತವಾಗಿ ಸಂಚಾರಕ್ಕೆ ತೆರೆದ ಕರಾವಳಿ ರಸ್ತೆಗೂ ಹಾಗೆಯೇ ನೆಲ ಮಾಡಿಕೊಂಡರು. ಈ ನಗರದಲ್ಲಿ ಮನೆ ಹುಡುಕುವವರು ಕಡಲು ಎಷ್ಟು ದೂರ ಎಂದು ವಿಚಾರಿಸುವುದುಂಟು. ಬೀದಿಯ ಚರಂಡಿ ಯಾವ ಮಟ್ಟದಲ್ಲಿ ಕಡಲನ್ನು ಸೇರುತ್ತದೆ ಎಂದು ವಿಚಾರಿಸುವುದು ಅದಕ್ಕಿಂತ ಹೆಚ್ಚು ಉಪಯುಕ್ತ.