ಹಬ್ಬದ ಮರುದಿನ ತಂಗಳು ಯಾರ ಪಾಲು?

"ಹಬ್ಬದ ದಿನವೂ ಹಳೇ ಗಂಡನೇ?" ಎಂಬ ಗಾದೆಯನ್ನು ನೀವೆಲ್ಲ ಕೇಳಿರುತ್ತೀರಿ. ಹಬ್ಬದ ಮರುದಿನವೂ ಹಳೇ ಅನ್ನವೇ ಎಂದು ಕೇಳಿದವರನ್ನು ಮಾತ್ರ ನಾನು ಕಂಡಿಲ್ಲ. ಯಾಕೆಂದರೆ ಅದನ್ನು ಉಣ್ಣುವವಳು ಮನೆಯೊಡತಿ. ಅವಳು ಬಾಯಿ ಬಿಡುವುದಿಲ್ಲ!

ಸಾಗರ, ಹೊಸನಗರ, ತೀರ್ಥಹಳ್ಳಿಯ ಕಡೆ ದೀಪಾವಳಿಯೆಂದರೆ ದೊಡ್ಡ ಹಬ್ಬ. ಪಾಡ್ಯದ ದಿನ ದನಗಳ ಮೈ ತೊಳೆದು, ಕೊರಳಿಗೆ ಅಡಿಕೆ, ಪಚ್ಚೆತೆನೆ, ಚೆಂಡುಹೂವಿನ ಸರ ಕಟ್ಟಿ ಗೋಪೂಜೆ. ಒಳಗೆ ಕಡುಬು, ಹೋಳಿಗೆ, ಎರಡು ಬಗೆ ಪಲ್ಯ, ಹುಳಿ, ಕೋಸಂಬರಿ, ಪಾಯಸ. ಬರುತ್ತೇವೆಂದ ನೆಂಟರು ರಜೆ ಸಿಗಲಿಲ್ಲವೆಂದು ಫೋನು ಮಾಡಿದರೋ, ಹತ್ತು ಜನರ ಅನ್ನ ತಪ್ಪಲೆಯಲ್ಲಿ ಹಾಗೇ ಉಳಿಯಿತು.

ನಮ್ಮ ಅತ್ತೆಯವರು ಮರುದಿನ ಎಲ್ಲರಿಗೂ ಬಿಸಿ ಅನ್ನ ಬಡಿಸಿ, ತಾವೊಬ್ಬರೇ ಒಲೆಯ ಬುಡದಲ್ಲಿ ಕೂತು ತಂಗಳು ಉಣ್ಣುತ್ತಿದ್ದರು. "ಅನ್ನ ಚೆಲ್ಲಿದರೆ ಅನ್ನಪೂರ್ಣೆ ಮುನಿಯುತ್ತಾಳೆ ಕಣೇ" ಎನ್ನುತ್ತಿದ್ದರು. ಅವರ ನಂತರ ಆ ಜಾಗಕ್ಕೆ ನಾನು ಕೂತೆ. ಯಾರೂ ಹೇಳಿರಲಿಲ್ಲ, ಆದರೂ ಕೂತೆ.

ಒಂದು ವರ್ಷ ರಾತ್ರಿಯಿಡೀ ಹೊರಗೇ ಇದ್ದ ಅನ್ನವನ್ನು ಬೆಳಿಗ್ಗೆ ಚೆನ್ನಾಗಿ ಬಿಸಿ ಮಾಡಿಯೇ ಉಂಡೆ. ವಾಸನೆ ಏನೂ ಇರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ವಾಂತಿ ಶುರುವಾಯಿತು. ಅಡಿಕೆ ಕೊಯ್ಲಿನ ಕಾಲ, ಅಂಗಳದಲ್ಲಿ ಸುಲಿಯುವವರು ಬಂದು ಕೂತಿದ್ದಾರೆ, ಬೇಯಿಸಿ ಹಾಕಬೇಕಾದವಳು ಎರಡು ದಿನ ಹಾಸಿಗೆಯಲ್ಲಿ! ಗಂಜಿ ತಂದುಕೊಟ್ಟ ಮಗಳು ಕೇಳಿದಳು: "ಅಮ್ಮಾ, ಉಣ್ಣಬಹುದಾದ ಅನ್ನ ಆಗಿದ್ದರೆ ನಮಗೂ ಯಾಕೆ ಬಡಿಸಲಿಲ್ಲ? ಉಣ್ಣಬಾರದ್ದು ಆಗಿದ್ದರೆ ನೀನು ಯಾಕೆ ಉಂಡೆ?"

ನನಗೆ ಉತ್ತರ ತೋಚಲಿಲ್ಲ. ಅಂದಿನಿಂದ ನಮ್ಮ ಮನೆಯಲ್ಲಿ ಒಂದೇ ಕಾಯಿದೆ: ಉಳಿದದ್ದು ಚೆನ್ನಾಗಿದ್ದರೆ ಎಲ್ಲರ ತಟ್ಟೆಗೂ, ಕೆಟ್ಟಿದ್ದರೆ ಯಾರ ತಟ್ಟೆಗೂ ಇಲ್ಲ.

ಮೊದಲು ಅನ್ನ ಕಾಪಾಡಿ

ಬಿಸಿ ಮಾಡಿದರೆ ಎಲ್ಲ ಸರಿಹೋಗುತ್ತದೆ ಎಂಬ ನಂಬಿಕೆ ನನಗೂ ಇತ್ತು. ಅದು ತಪ್ಪು. ಅಕ್ಕಿಯಲ್ಲಿರುವ ಒಂದು ಜಾತಿಯ ಸೂಕ್ಷ್ಮಜೀವಿಯ ಬೀಜಾಣುಗಳು ಅನ್ನ ಬೆಂದರೂ ಸಾಯುವುದಿಲ್ಲ. ಅನ್ನ ಬೆಚ್ಚಗೆ ಹೊರಗಿದ್ದಷ್ಟು ಹೊತ್ತೂ ಅವು ಬೆಳೆದು ವಿಷ ಬಿಡುತ್ತವೆ. ಆ ವಿಷ ಮತ್ತೆ ಕಾಯಿಸಿದರೂ ಹೋಗುವುದಿಲ್ಲ.

ಆದ್ದರಿಂದ ಊಟವಾದ ಕೂಡಲೇ ಉಳಿದ ಅನ್ನವನ್ನು ಅಗಲ ಹರಿವಾಣದಲ್ಲಿ ಹರಡಿ ಆರಿಸಿ. ಎರಡು ಗಂಟೆಯೊಳಗೆ ಮುಚ್ಚಿ ಫ್ರಿಜ್ಜಿನಲ್ಲಿಡಿ. ಪಲ್ಯ, ಹುಳಿಗೂ ಇದೇ ಕ್ರಮ. ಮರುದಿನವೇ ಮುಗಿಸಿ. ಫ್ರಿಜ್ಜಿಲ್ಲವೇ? ಇದ್ದರೂ ಕರೆಂಟು ನಂಬುವ ಹಾಗಿಲ್ಲವೇ? ಹಾಗಾದರೆ ಮರುದಿನಕ್ಕೆ ಕಾಯಬೇಡಿ. ಆರಿದ ಕೂಡಲೇ ರೊಟ್ಟಿ ತಟ್ಟಿ, ರಾತ್ರಿಯ ಊಟಕ್ಕೇ ಬಡಿಸಿಬಿಡಿ. ದೀಪ ಹಿಡಿದು ಮನೆಮನೆಗೆ ಹಾಡುತ್ತ ಬರುವ ಅಂಟಿಗೆ-ಪಂಟಿಗೆಯವರು ಬಾಗಿಲಿಗೆ ಬರುವ ತನಕ ನಮಗೆ ನಿದ್ದೆ ಹೇಗೂ ಇಲ್ಲವಲ್ಲ!

ಪಲ್ಯ ತುಂಬಿದ ರೊಟ್ಟಿ

ಅಮೆರಿಕದಲ್ಲಿ ನವೆಂಬರಿನ ನಾಲ್ಕನೆಯ ಗುರುವಾರ ದೊಡ್ಡ ಹಬ್ಬವಂತೆ. ಉಳಿದ ಅಡಿಗೆಯನ್ನು ಮರುದಿನ ಬ್ರೆಡ್ಡಿನ ನಡುವೆ ಇಟ್ಟು ಸ್ಯಾಂಡ್‌ವಿಚ್ ಮಾಡಿ ಮನೆಮಂದಿಯೆಲ್ಲ ಆಸೆಯಿಂದ ತಿನ್ನುತ್ತಾರೆ. ನಮ್ಮ ಅಕ್ಕಿರೊಟ್ಟಿ ಆ ಬ್ರೆಡ್ಡಿಗೆ ಏನು ಕಡಿಮೆ?

ಬೇಕಾಗುವ ಸಾಮಾನು: ಅನ್ನ 2 ಲೋಟ, ಅಕ್ಕಿಹಿಟ್ಟು ಸುಮಾರು 2 ಲೋಟ, ನೀರು ಅರ್ಧ ಲೋಟ, ಜೀರಿಗೆ 1 ಚಮಚ, ರುಚಿಗೆ ಉಪ್ಪು. ಒಳಗೆ ತುಂಬಲು ಉಳಿದ ಪಲ್ಯ, ಹುಳಿಯ ಹೋಳು, ಹುರಿಗಡಲೆ ಪುಡಿ 2 ಚಮಚ, ಬೆಣ್ಣೆ, ಮಿಡಿ ಉಪ್ಪಿನಕಾಯಿಯ ರಸ, ಹಸಿ ಸೌತೆಕಾಯಿ.

ಮಾಡುವ ವಿಧಾನ: ಅನ್ನಕ್ಕೆ ನೀರು, ಉಪ್ಪು, ಜೀರಿಗೆ ಹಾಕಿ ಹಬೆಯಾಡುವಂತೆ ಕಾಯಿಸಿ. ಬಿಸಿ ಇರುವಾಗಲೇ ಅಗುಳು ಉಳಿಯದಂತೆ ಮಸೆಯಿರಿ. ಸ್ವಲ್ಪ ಸ್ವಲ್ಪವಾಗಿ ಹಿಟ್ಟು ಸೇರಿಸಿ ಮೆತ್ತಗೆ ನಾದಿ. ಅನ್ನ ಮೆದುವಾಗಿದ್ದರೆ ಹಿಟ್ಟು ಹೆಚ್ಚು ಹಿಡಿಯುತ್ತದೆ. ಕೈಗೆ ಅಂಟದಿದ್ದರೆ ಹದ ಬಂತೆಂದು ತಿಳಿಯಿರಿ. ಲಿಂಬೆ ಗಾತ್ರಕ್ಕಿಂತ ದೊಡ್ಡ ಉಂಡೆ ಮಾಡಿ, ಒಣಹಿಟ್ಟು ಸವರಿ ಲಟ್ಟಿಸಿ, ಕಾದ ಕಾವಲಿಯಲ್ಲಿ ಎರಡೂ ಬದಿ ಬೇಯಿಸಿ. ಬೆಂದದ್ದನ್ನು ಬಟ್ಟೆಯಲ್ಲಿ ಸುತ್ತಿಡಿ. ಇಲ್ಲವಾದರೆ ಬಿರುಸಾಗಿ, ಮಡಿಸುವಾಗ ಮುರಿಯುತ್ತದೆ.

ಹುಳಿಯಿಂದ ಹೋಳುಗಳನ್ನು ಸೋಸಿ ತೆಗೆದು ಪಲ್ಯದ ಜೊತೆ ಬಾಣಲೆಗೆ ಹಾಕಿ. ನೀರಾರುವ ತನಕ ಚೆನ್ನಾಗಿ ಕಾಯಿಸಿ, ಕೊನೆಗೆ ಹುರಿಗಡಲೆ ಪುಡಿ ಉದುರಿಸಿ. ಪುಡಿ ನೀರನ್ನು ಹೀರುವುದರಿಂದ ರೊಟ್ಟಿ ಒದ್ದೆಯಾಗುವುದಿಲ್ಲ. ಈಗ ರೊಟ್ಟಿಗೆ ಬೆಣ್ಣೆ ಹಚ್ಚಿ, ಅಪ್ಪೆಮಿಡಿಯ ರಸ ಒಂದಿಷ್ಟು ಸವರಿ, ಪಲ್ಯ ಹರಡಿ, ಮೇಲೆ ಸೌತೆಕಾಯಿ ಬಿಲ್ಲೆ ಜೋಡಿಸಿ ಮಡಿಸಿ. ಎರಡು ತಿಂದರೆ ತೋಟದ ಕೆಲಸದವರಿಗೂ ಮಧ್ಯಾಹ್ನದ ತನಕ ಹಸಿವೆಯ ಮಾತಿಲ್ಲ.

ತಾಳಗುಪ್ಪದ ರಾತ್ರಿ ರೈಲಿಗೆ ಹೊರಡುವ ಮಕ್ಕಳಿಗೆ ಕಟ್ಟಿಕೊಡುವುದಾದರೆ ಉಳಿದ ಪಲ್ಯ ಬೇಡ. ಬರೀ ರೊಟ್ಟಿ, ಬೇರೆ ಡಬ್ಬಿಯಲ್ಲಿ ಉಪ್ಪಿನಕಾಯಿ ಸಾಕು.

ಯಾವುದನ್ನು ಇಡಬಾರದು

ಹಸಿ ಕಾಯಿತುರಿ ಬಿದ್ದ ಕೋಸಂಬರಿ, ಚಟ್ನಿ, ಕಾಯಿಹಾಲಿನ ಪಾಯಸ ಬೇಗ ಕೆಡುತ್ತವೆ. ಇವನ್ನು ಹಬ್ಬದ ದಿನವೇ ಅಳತೆ ನೋಡಿ ಮಾಡಿ. ಸಪ್ಪೆ ಕಡುಬನ್ನು ಹೋಳು ಮಾಡಿ ಒಗ್ಗರಣೆ ಹಾಕಿದರೆ ಬೆಳಗಿನ ತಿಂಡಿಯಾಯಿತು.

ಇನ್ನೊಂದು ಮಾತು. ಉಳಿದ ಅನ್ನ-ಪಾಯಸವನ್ನೆಲ್ಲ ದನದ ಬಾನಿಗೆ ಸುರಿಯಬೇಡಿ. ಬೆಂದ ಅನ್ನ ಹೆಚ್ಚಾದರೆ ದನದ ಹೊಟ್ಟೆಯಲ್ಲಿ ಹುಳಿ ಏರಿ, ಹೊಟ್ಟೆ ಉಬ್ಬರಿಸಿ ಪ್ರಾಣಕ್ಕೇ ಕುತ್ತು ಬರಬಹುದು. ನಿನ್ನೆ ಪೂಜೆ ಮಾಡಿದ ಹಸುವಿಗೆ ಇಂದು ಈ ಶಿಕ್ಷೆ ಬೇಡ. ಕೆಟ್ಟದ್ದು ಗೊಬ್ಬರದ ಗುಂಡಿಗೆ ಹೋಗಲಿ. ಮಣ್ಣಿಗೆ ಸೇರಿದ ಅನ್ನಕ್ಕೆ ಅನ್ನಪೂರ್ಣೆ ಮುನಿಯಲಾರಳು.

ಈ ಸಲ ಹಬ್ಬದ ಮರುದಿನ ರೊಟ್ಟಿಯ ಬುಟ್ಟಿಯನ್ನು ನಡುವೆ ಇಟ್ಟು ಎಲ್ಲರೊಂದಿಗೆ ನೀವೂ ಕೂತುಕೊಳ್ಳಿ. ಒಲೆಯ ಬುಡದ ಆ ಮಣೆಯನ್ನು ನಾನು ಎತ್ತಿಟ್ಟಿದ್ದೇನೆ. ನನ್ನ ಮಗಳು ಅದರ ಮೇಲೆ ಕೂರುವುದು ಬೇಡ.